ಯಂತ್ರಕ್ಕೆ ಕಾಣದ್ದು: ಮಲೆನಾಡಿನ ಮಾದರಿ ಹಿಡಿದು ಮೆಟಬೊಲೋಮಿಕ್ಸ್ ಪ್ರಯೋಗಾಲಯಕ್ಕೆ ಹೊರಟವರಿಗೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ನನಗೆ ಫೋನ್ ಕರೆಗಳೂ ಶುರುವಾಗುತ್ತವೆ. ಶಂಕರಘಟ್ಟದ ಸಂಶೋಧನಾ ವಿದ್ಯಾರ್ಥಿಗಳು, ಇರುವಕ್ಕಿಯ ಕೃಷಿ ವಿದ್ಯಾರ್ಥಿಗಳು, ಒಮ್ಮೊಮ್ಮೆ ತಮ್ಮ ಜೇನು ಅಪ್ಪಟವೆಂದು ಸಾಧಿಸಲು ಹೊರಟ ಸಾಗರದ ಕಡೆಯ ಬೆಳೆಗಾರರು. ಎಲ್ಲರ ಪ್ರಶ್ನೆಯೂ ಒಂದೇ: ಬೆಂಗಳೂರಿನಲ್ಲಿ ಎಲ್‌ಸಿ-ಎಂಎಸ್ (ದ್ರಾವಣದಲ್ಲಿರುವ ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರ) ಸ್ಲಾಟ್ ಹಿಡಿಯುವುದು ಹೇಗೆ? ಸ್ಲಾಟ್ ಹಿಡಿಯುವುದು ಕಷ್ಟದ ಕೆಲಸವಲ್ಲ. ಸ್ಲಾಟ್ ಸಿಕ್ಕಿ, ಹಣ ಕಟ್ಟಿ, ಬಂದ ಡೇಟಾ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತವರನ್ನು ಬಹಳ ಕಂಡಿದ್ದೇನೆ. ಆ ಸಾಲಿನಲ್ಲಿ ನಾನೂ ಕುಳಿತವನೇ.

ಪ್ರಯೋಗಾಲಯಗಳ ಕರಪತ್ರಗಳಲ್ಲಿ ಪ್ರತಿ ಯಂತ್ರ ಏನೇನು ನೋಡಬಲ್ಲದು ಎಂಬ ವರ್ಣನೆ ಧಾರಾಳವಾಗಿರುತ್ತದೆ. ಅದಕ್ಕೆ ಏನು ಕಾಣುವುದಿಲ್ಲ ಎಂಬುದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಯಂತ್ರ ಆರಿಸಬೇಕಾದದ್ದು ಆ ಎರಡನೆಯದನ್ನು ನೋಡಿ. ಹಾಗಾಗಿ ಈ ಲೇಖನ ಯಂತ್ರಗಳ ಕುರುಡಿನ ಲೆಕ್ಕವೂ ಹೌದು.

ಮೊದಲು ಒಂದು ಹಾಳೆ, ಆಮೇಲೆ ಅರ್ಜಿ

ಮೆಟಬೊಲೈಟ್ ಎಂದರೆ ಜೀವಕೋಶದ ಒಳಗಿನ ಅಡುಗೆಯಲ್ಲಿ ಹುಟ್ಟುವ, ಖರ್ಚಾಗುವ ಸಣ್ಣ ಅಣು. ಸಕ್ಕರೆ, ಹುಳಿ ಆಮ್ಲ, ಅಮೈನೋ ಆಮ್ಲ, ಆಲ್ಕಲಾಯ್ಡ್, ಸುವಾಸನೆಯ ಎಣ್ಣೆ ಎಲ್ಲವೂ ಇದರಲ್ಲಿ ಬರುತ್ತವೆ. ಇವುಗಳನ್ನು ಒಟ್ಟಾಗಿ ಅಳೆಯುವ ವಿದ್ಯೆಯೇ ಮೆಟಬೊಲೋಮಿಕ್ಸ್. ಇವುಗಳ ಸ್ವಭಾವದಲ್ಲಿ ಅಜಗಜಾಂತರವಿರುವುದರಿಂದಲೇ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ.

ನಿಮಗೆ ಬೇಕಾದ ಅಣುವಿನ ಬಗ್ಗೆ ಒಂದು ಹಾಳೆಯಲ್ಲಿ ಬರೆಯಿರಿ. ಬಿಸಿ ಮಾಡಿದರೆ ಅದು ಆವಿಯಾಗುತ್ತದೆಯೇ, ಕರಟಿಹೋಗುತ್ತದೆಯೇ? ನೀರಿಗೆ ಒಲಿಯುತ್ತದೆಯೇ, ಎಣ್ಣೆಗೋ? ಮಾದರಿಯಲ್ಲಿ ಶೇಕಡಾ ಲೆಕ್ಕದಲ್ಲಿದೆಯೇ, ಚಿಟಿಕೆಯಷ್ಟೂ ಇಲ್ಲವೇ? ಕೊನೆಯದಾಗಿ, ಅದರ ಹೆಸರು ನಿಮಗೆ ಗೊತ್ತೇ? ಗೊತ್ತಿದ್ದರೆ ನಿಮ್ಮದು ಗುರಿ ಹಿಡಿದ ವಿಶ್ಲೇಷಣೆ. ಗೊತ್ತಿಲ್ಲದೆ 'ಏನೇನಿದೆಯೋ ನೋಡೋಣ' ಎನ್ನುವುದಾದರೆ ಅದು ಬಲೆ ಬೀಸುವ ಕೆಲಸ. ಯಂತ್ರ ಬೇರೆ, ಖರ್ಚು ಬೇರೆ, ಡೇಟಾ ಬಿಡಿಸಲು ಹಿಡಿಯುವ ತಿಂಗಳುಗಳೂ ಬೇರೆ. ಫೋನ್ ಮಾಡುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಮೊದಲನೆಯದು, ಕೇಳುವುದು ಎರಡನೆಯದನ್ನು.

ಒಂದೇ ಅಡಿಕೆ, ನಾಲ್ಕು ಆಲ್ಕಲಾಯ್ಡ್

ಅಡಿಕೆಯ ಉದಾಹರಣೆ ಹಿಡಿದರೆ ಅರ್ಧ ಪಾಠ ಮುಗಿಯುತ್ತದೆ. ಅದರಲ್ಲಿ ಮುಖ್ಯವಾದ ಆಲ್ಕಲಾಯ್ಡ್‌ಗಳು ನಾಲ್ಕು: ಅರೆಕೋಲಿನ್, ಅರೆಕೈಡಿನ್, ಗುವಾಕೋಲಿನ್, ಗುವಾಸಿನ್. ಅರೆಕೋಲಿನ್ ಎಣ್ಣೆಯಂತಹ ದ್ರವ, ಆವಿಯಾಗುತ್ತದೆ, ಆವಿಯಾದ ಅಣುಗಳನ್ನು ಬೇರ್ಪಡಿಸಿ ತೂಗುವ ಜಿಸಿ-ಎಂಎಸ್‌ಗೆ ಸಲೀಸಾಗಿ ಸಿಗುತ್ತದೆ. ಅದೇ ಅರೆಕೋಲಿನ್ ತನ್ನ ಎಸ್ಟರ್ ತುದಿಯನ್ನು ಕಳೆದುಕೊಂಡರೆ ಅರೆಕೈಡಿನ್ ಆಗುತ್ತದೆ. ಇದು ಆಮ್ಲ, ಲವಣದ ಸ್ವಭಾವದ್ದು, ಹಾರುವುದಿಲ್ಲ. ಹಾರುವಂತೆ ಮಾಡುವ ರಾಸಾಯನಿಕ ಮುಸುಕು ತೊಡಿಸದೆ ಜಿಸಿಗೆ ಹಾಕಿದರೆ ಅದು ಇಲ್ಲವೇ ಇಲ್ಲ ಎಂಬ ವರದಿ ಬರುತ್ತದೆ. ಮಾದರಿಯಲ್ಲಿ ಅದು ಇದೆ. ಯಂತ್ರ ಕುರುಡು, ಅಷ್ಟೇ.

ಹಾಗಾದರೆ ಎಲ್‌ಸಿ-ಎಂಎಸ್‌ಗೆ ಕೊಡೋಣ ಎನ್ನುತ್ತೀರಿ. ಅಲ್ಲಿ ಇನ್ನೊಂದು ಕುರುಡು ಕಾದಿದೆ. ಅರೆಕೈಡಿನ್ ಮತ್ತು ಗುವಾಕೋಲಿನ್ ಎರಡರಲ್ಲಿಯೂ 7 ಕಾರ್ಬನ್, 11 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್. ಒಂದರಲ್ಲಿ ಮೀಥೈಲ್ ಗುಂಪು ನೈಟ್ರೋಜನ್ ಮೇಲೆ ಕುಳಿತಿದೆ, ಇನ್ನೊಂದರಲ್ಲಿ ಆಮ್ಲದ ತುದಿಯಲ್ಲಿ. ಎರಡೂ ಪ್ರೋಟಾನ್ ಹೊತ್ತು 142.0863ರ ತೂಕದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಯಂತ್ರದ ನಿಖರತೆ ಹತ್ತು ಪಟ್ಟು ಹೆಚ್ಚಾದರೂ ತೂಕ ಒಂದೇ ಆಗಿರುವ ಅವಳಿಗಳನ್ನು ತಕ್ಕಡಿ ಬೇರ್ಪಡಿಸಲಾರದು. ಬೇರ್ಪಡಿಸಬೇಕಾದದ್ದು ಅದಕ್ಕೂ ಮುಂಚಿನ ಕಾಲಮ್, ಅಂದರೆ ಅಣುಗಳು ಹಿಂದುಮುಂದಾಗಿ ಹಾದುಬರುವ ನಳಿಗೆ. ಆದ್ದರಿಂದ ಪ್ರಯೋಗಾಲಯದಲ್ಲಿ 'ನಿಮ್ಮಲ್ಲಿ ಯಾವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ' ಎಂದು ಕೇಳುವ ಮೊದಲು 'ಯಾವ ಕಾಲಮ್ ಇದೆ' ಎಂದು ಕೇಳಿ. ಸಾಮಾನ್ಯವಾಗಿ ಇರುವ ಸಿ18 ಕಾಲಮ್‌ನಲ್ಲಿ ಫಾರ್ಮಿಕ್ ಆಮ್ಲದ ದ್ರಾವಕ ಹರಿಸಿದರೆ ಈ ನೀರುಪ್ರಿಯ ಆಲ್ಕಲಾಯ್ಡ್‌ಗಳು ನಿಲ್ಲದೆ ಮೊದಲ ನಿಮಿಷಗಳಲ್ಲಿಯೇ ಲವಣಗಳ ಜೊತೆ ಹೊರಬಿದ್ದುಬಿಡುತ್ತವೆ. ಇವುಗಳಿಗೆ ನೀರುಪ್ರಿಯ ಅಣುಗಳನ್ನು ಹಿಡಿದು ನಿಲ್ಲಿಸುವ ಹಿಲಿಕ್ ಕಾಲಮ್ ಹೊಂದುತ್ತದೆ. ಆದರೆ ಹಿಲಿಕ್‌ಗೆ ಕೊಡುವ ಮಾದರಿ ಹೆಚ್ಚು ಅಸಿಟೋನೈಟ್ರೈಲ್‌ನಲ್ಲಿರಬೇಕು. ನೀರಿನಲ್ಲಿ ಕರಗಿಸಿ ಕೊಟ್ಟರೆ ಯಂತ್ರದ ಚಿತ್ರದಲ್ಲಿ ಒಂದೊಂದು ಅಣುವಿಗೆ ಏಳುವ ಶಿಖರಗಳು ಮಳೆಗಾಲದ ಹಪ್ಪಳದಂತೆ ಮೆತ್ತಗೆ ಹರಡಿಕೊಳ್ಳುತ್ತವೆ.

ಸುಣ್ಣದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕ್ಷಾರ ತಗುಲಿದರೆ ಅರೆಕೋಲಿನ್ ಒಡೆದು ಅರೆಕೈಡಿನ್ ಆಗುತ್ತದೆ, ಗುವಾಕೋಲಿನ್ ಗುವಾಸಿನ್ ಆಗುತ್ತದೆ. ಎಲೆ ಅಡಿಕೆಗೆ ಸುಣ್ಣ ಹಚ್ಚಿದಾಗ ಬಾಯಲ್ಲಿ ನಡೆಯುವುದು ಇದೇ. ಆಲ್ಕಲಾಯ್ಡ್ ತೆಗೆಯಲು ಹಳೆಯ ಪುಸ್ತಕ ನೋಡಿ ಅಮೋನಿಯಾ ಹಾಕಿ ರಾತ್ರಿಯಿಡೀ ನೆನೆಸಿಟ್ಟರೆ ನೀವು ಅಳೆಯುವುದು ಅಡಿಕೆಯನ್ನಲ್ಲ, ನಿಮ್ಮದೇ ಕೈವಾಡವನ್ನು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ಮೇಲೆ, ಶಿವಮೊಗ್ಗದಲ್ಲಿ ಕುಳಿತು ಅರೆಕೋಲಿನ್ ಬಗ್ಗೆ ಬರೆಯುವ ಪ್ರತಿ ಅಂಕಿಯನ್ನೂ ಅಡಿಕೆಯ ಪರ, ವಿರೋಧ ಎರಡು ಕಡೆಯವರು ಭೂತಗನ್ನಡಿ ಹಿಡಿದು ಓದುತ್ತಾರೆ. ಅಂಕಿ ಗಟ್ಟಿಯಾಗಿರಲಿ.

ಒಳ್ಳೆಯ ಪ್ರಶ್ನೆಗಳಿಗೇನೂ ಕೊರತೆಯಿಲ್ಲ. ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ನಾವು ಕಣ್ಣಳತೆಯಲ್ಲಿ ವಿಂಗಡಿಸುವ ದರ್ಜೆಗಳಿಗೆ ಆಲ್ಕಲಾಯ್ಡ್ ಲೆಕ್ಕದಲ್ಲಿಯೂ ವ್ಯತ್ಯಾಸವಿದೆಯೇ? ಬೇಯಿಸುವಾಗ ಎಷ್ಟು ಚೊಗರಿಗೆ, ಅಂದರೆ ಅಡಿಕೆ ಬೆಂದ ಕೆಂಪು ನೀರಿಗೆ, ಇಳಿಯುತ್ತದೆ? ಇಂಥ ಪ್ರಶ್ನೆಗೆ ಬೇಕಾದದ್ದು ಟ್ರಿಪಲ್ ಕ್ವಾಡ್ರುಪೋಲ್ ಎಂಬ ಯಂತ್ರ. ಇದು ನೀವು ಹೇಳಿದ ಅಣುವನ್ನು ಮಾತ್ರ ಹಿಡಿದು, ಒಡೆದು, ಅದರ ಚೂರನ್ನು ಎಣಿಸುತ್ತದೆ. ಹೇಳದೆ ಬಿಟ್ಟದ್ದು ಪಕ್ಕದಲ್ಲಿ ಗುಡ್ಡದಷ್ಟು ಬಿದ್ದಿದ್ದರೂ ನೋಡುವುದಿಲ್ಲ. ಬಲೆ ಬೀಸುವ ಕೆಲಸಕ್ಕೆ ಕ್ಯೂ-ಟಾಫ್ ಅಥವಾ ಆರ್ಬಿಟ್ರ್ಯಾಪ್ ಕೇಳಿ. ಇವು ಅಣುತೂಕವನ್ನು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಕೊಟ್ಟು, ಅದರಿಂದ ಅಣುಸೂತ್ರ ಊಹಿಸಲು ನೆರವಾಗುತ್ತವೆ.

ಅಡಿಕೆಯವರಿಗೆ ಇನ್ನೆರಡು ಮಾತು. ಆಲ್ಕಲಾಯ್ಡ್ ಅಡಿಕೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿದೆ, ಯಂತ್ರ ನೋಡುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಸಾರವನ್ನು ಸಾವಿರ ಪಟ್ಟಾದರೂ ತೆಳುಮಾಡದೆ ಹಾಕಿದರೆ ಮುಂದಿನ ಹತ್ತು ಮಾದರಿಗಳಲ್ಲಿಯೂ ಅಡಿಕೆಯೇ ಕಾಣುತ್ತದೆ. ಆ ಹತ್ತು ಮಾದರಿಗಳು ಬೇರೆ ಯಾರದೋ ಆಗಿದ್ದರೆ ಆ ಪ್ರಯೋಗಾಲಯದಲ್ಲಿ ನಿಮಗೆ ಮತ್ತೆ ಬಾಗಿಲು ತೆರೆಯುವುದು ಕಷ್ಟ. ಎರಡನೆಯದು ಟ್ಯಾನಿನ್. ಚೊಗರು ಕೈಗೆ ಅಂಟುವಂತೆಯೇ ಕಾಲಮ್‌ಗೂ ಅಂಟುತ್ತದೆ. ನೈಲಾನ್ ಫಿಲ್ಟರ್‌ಗೂ ಅಂಟುತ್ತದೆ. ಕ್ಯಾಟೆಚಿನ್, ಟ್ಯಾನಿನ್‌ಗಳನ್ನೇ ಅಳೆಯುವವರು ನೈಲಾನ್‌ನಲ್ಲಿ ಸೋಸಿದರೆ ಅಳೆಯಬೇಕಾದದ್ದು ಫಿಲ್ಟರ್‌ನಲ್ಲಿಯೇ ಉಳಿಯುತ್ತದೆ. 0.22 ಮೈಕ್ರಾನ್ ರಂಧ್ರದ ಪಿಟಿಎಫ್ಇ ಫಿಲ್ಟರ್ ತೆಗೆದುಕೊಳ್ಳಿ.

ಜಿಸಿ-ಎಂಎಸ್ ಮತ್ತು ಜುಲೈ ತಿಂಗಳು

ಕಾಳುಮೆಣಸಿನ ಘಮ, ಅಪ್ಪೆಮಿಡಿಯ ಸೊನೆಯ ಜೀರಿಗೆ ವಾಸನೆ ಇತ್ಯಾದಿ ಹಾರುವ ವಸ್ತುಗಳಿಗೆ ಜಿಸಿ-ಎಂಎಸ್‌ಗೆ ಸಾಟಿಯಿಲ್ಲ. ಇದರ ದೊಡ್ಡ ಅನುಕೂಲವೆಂದರೆ ಎಲ್ಲ ಕಡೆಯೂ ಅಣುವನ್ನು 70 ಎಲೆಕ್ಟ್ರಾನ್ ವೋಲ್ಟ್‌ನಲ್ಲಿಯೇ ಒಡೆಯುತ್ತಾರೆ. ಹಾಗಾಗಿ ಶಿವಮೊಗ್ಗದ ಮೆಣಸಿನ ಚೂರುಗಳನ್ನು ಎಲ್ಲಿಯೋ ತಯಾರಾದ ಗ್ರಂಥಾಲಯದೊಂದಿಗೆ ಹೋಲಿಸಬಹುದು. ಹೋಲಿಸಬಹುದು ಎಂದೆ, ನಂಬಬಹುದು ಎನ್ನಲಿಲ್ಲ. ಮೆಣಸಿನಲ್ಲಿರುವ ಬೀಟಾ-ಕ್ಯಾರಿಯೋಫಿಲಿನ್ ಮತ್ತು ಅದರ ದಾಯಾದಿ ಸೆಸ್ಕ್ವಿಟರ್ಪೀನ್‌ಗಳೆಲ್ಲದರ ಅಣುತೂಕ 204, ಚೂರುಗಳೂ ಬಹುಮಟ್ಟಿಗೆ ಒಂದೇ. ಗ್ರಂಥಾಲಯದ ತಂತ್ರಾಂಶ ಮಾತ್ರ ಯಾವ ಹಿಂಜರಿಕೆಯೂ ಇಲ್ಲದೆ ಒಂದು ಹೆಸರು ಕೊಟ್ಟುಬಿಡುತ್ತದೆ. ಅದೇ ದಿನ, ಅದೇ ಕಾಲಮ್‌ನಲ್ಲಿ ಆಲ್ಕೇನ್‌ಗಳ ಮಿಶ್ರಣವನ್ನೂ ಹರಿಸಲು ಕೇಳಿಕೊಳ್ಳಿ. ಅದರಿಂದ ಧಾರಣ ಸೂಚ್ಯಂಕ (ಅಣು ಕಾಲಮ್‌ನಿಂದ ಹೊರಬರುವ ಹೊತ್ತಿನ ಅಳತೆ) ಲೆಕ್ಕ ಹಾಕಿದರೆ ಮಾತ್ರ ಹೆಸರಿಗೆ ಎರಡನೆಯ ಸಾಕ್ಷಿ ಸಿಗುತ್ತದೆ.

ಘಮ ಅಳೆಯಬೇಕಾದ ಮಾದರಿಯನ್ನು ಫ್ರೀಜ್ ಡ್ರೈಯರ್‌ಗೆ ಹಾಕಬೇಡಿ. ನಿರ್ವಾತದಲ್ಲಿ ನೀರಿನ ಜೊತೆ ಘಮವೂ ಹೋಗುತ್ತದೆ. ಅಪ್ಪೆಮಿಡಿಯನ್ನು ಮುಚ್ಚಳ ಬಿಗಿದ ಹೆಡ್‌ಸ್ಪೇಸ್ ಶೀಶೆಯಲ್ಲಿಯೇ ಹಾಕಿ ತಣ್ಣಗೆ ಒಯ್ಯಬೇಕು.

ಸಕ್ಕರೆ, ಆಮ್ಲ, ಅಮೈನೋ ಆಮ್ಲಗಳನ್ನೂ ಜಿಸಿಯಲ್ಲಿ ನೋಡಬಹುದು, ಮುಸುಕು ತೊಡಿಸಿದರೆ. ಮೊದಲು ಪಿರಿಡಿನ್‌ನಲ್ಲಿ ಕರಗಿಸಿದ ಮೆಥಾಕ್ಸಿಅಮೈನ್, ಆಮೇಲೆ ಎಂಎಸ್‌ಟಿಎಫ್ಎ ಎಂಬ ಸಿಲೈಲ್ ಕಾರಕ. 30 ಡಿಗ್ರಿಯಲ್ಲಿ ಒಂದೂವರೆ ಗಂಟೆ, ನಂತರ 37 ಡಿಗ್ರಿಯಲ್ಲಿ ಅರ್ಧ ಗಂಟೆ ಎಂಬುದು ರೂಢಿಯಲ್ಲಿರುವ ಕ್ರಮಗಳಲ್ಲಿ ಒಂದು. ಓದಲು ಸುಲಭ. ಈ ಸಿಲೈಲ್ ಕಾರಕಕ್ಕೆ ನೀರೆಂದರೆ ಆಗದು. ಮಾದರಿಯ ಅಣುವಿಗಿಂತ ಮೊದಲು ಅದು ಗಾಳಿಯ ತೇವವನ್ನೇ ಅಪ್ಪಿಕೊಂಡು ಮುಗಿದುಹೋಗುತ್ತದೆ. ನಾನು ಇದನ್ನು ಮೊದಲ ಬಾರಿ ಮಾಡಿದ್ದು ಜುಲೈನಲ್ಲಿ, ಕಿಟಕಿಯಿಂದ ತುಂಗೆಯ ಕಡೆಯ ಗಾಳಿ ಬೀಸುತ್ತಿದ್ದ ಕೋಣೆಯಲ್ಲಿ. ನಲವತ್ತು ಶೀಶೆ. ಬಂದ ಚಿತ್ರದಲ್ಲಿ ಗ್ಲೈಸಿನ್ ಒಂದು ಕಡೆ ಎರಡು ಮುಸುಕು ಹೊದ್ದು, ಇನ್ನೊಂದು ಕಡೆ ಮೂರು ಮುಸುಕು ಹೊದ್ದು ನಿಂತಿತ್ತು. ಹಲವು ಆಮ್ಲಗಳು ಬರಲೇ ಇಲ್ಲ. ಯಂತ್ರ ಕೆಟ್ಟಿದೆ ಎಂದು ನಿರ್ವಾಹಕರೊಂದಿಗೆ ವಾದ ಮಾಡಿದೆ. ಅವರು ಏನೂ ಹೇಳದೆ ಗೋಡೆಯ ತೇವಮಾಪಕ ತೋರಿಸಿದರು: 92. ಆವತ್ತಿನಿಂದ ನನ್ನ ನಿಯಮ ಇಷ್ಟು: ಒಣಗಿಸಿದ ಸಾರ ಮತ್ತು ಸಿಲಿಕಾ ಜೆಲ್ ಹಿಡಿದು ಹೋಗಿ, ಮುಸುಕು ತೊಡಿಸುವ ಕೆಲಸವನ್ನು ಆ ಪ್ರಯೋಗಾಲಯದ ಹವಾನಿಯಂತ್ರಿತ ಕೋಣೆಯಲ್ಲಿ, ಯಂತ್ರಕ್ಕೆ ಚುಚ್ಚುವ ದಿನವೇ ಮಾಡಿ. ಅಂದಹಾಗೆ ಗ್ಲೂಕೋಸ್ ಎಲ್ಲ ಸರಿಯಿದ್ದರೂ ಎರಡು ಶಿಖರ ಕೊಡುತ್ತದೆ. ಅದು ಮೆಥಾಕ್ಸಿಅಮೈನ್ ಎರಡು ದಿಕ್ಕಿಗೆ ಕುಳಿತ ಫಲ. ಅದಕ್ಕೆ ಗಾಬರಿ ಬೇಡ.

ಹುಳಿಗೆ ಬಳಸುವ ಕಾಡುಹಣ್ಣು ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗುವುದರಿಂದ ನಮ್ಮಲ್ಲಿ ಅದರ ಸಿಪ್ಪೆಯನ್ನು ಒಲೆಯ ಮೇಲೆ, ಹೊಗೆಯಲ್ಲಿ ಒಣಗಿಸುತ್ತಾರೆ. ಅಂಥ ಸಿಪ್ಪೆಯನ್ನು ಸಂತೆಯಿಂದ ತಂದು ಜಿಸಿ-ಎಂಎಸ್‌ಗೆ ಹಾಕಿದರೆ ಗ್ವಾಯಕಾಲ್ ಕಾಣಿಸುತ್ತದೆ. ಅದು ಸೌದೆಯ ಲಿಗ್ನಿನ್ ಸುಟ್ಟು ಬಂದದ್ದು. ಉಪ್ಪಾಗೆಯಲ್ಲಿ ಹೊಸ ಸಂಯುಕ್ತ ಪತ್ತೆ ಎಂದು ಬರೆಯುವ ಮೊದಲು ಮರದಿಂದಲೇ ಕೊಯ್ದ ಹಣ್ಣನ್ನೂ ಪಕ್ಕದಲ್ಲಿಟ್ಟು ನೋಡಿ.

ಬಡ ಯಂತ್ರಗಳನ್ನು ಮರೆಯಬೇಡಿ

ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಅದಕ್ಕೂ ಮೊದಲು ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲ ಎಂದೇ ಎಣಿಸಲಾಗಿತ್ತು. ಇಂದು ನಿಮ್ಮ ಪ್ರಶ್ನೆ 'ಈ ಸಿಪ್ಪೆಯಲ್ಲಿ ಅದು ಎಷ್ಟಿದೆ' ಎಂಬುದಷ್ಟೇ ಆದರೆ ಆರ್ಬಿಟ್ರ್ಯಾಪ್ ಬೇಡ, 210 ನ್ಯಾನೋಮೀಟರ್‌ನಲ್ಲಿ ನೋಡುವ ಸಾಧಾರಣ ಎಚ್‌ಪಿಎಲ್‌ಸಿ (ಕಾಲಮ್‌ನಲ್ಲಿ ಬೇರ್ಪಡಿಸಿ, ತೂಗದೆ ಬೆಳಕಿನಿಂದ ಅಳೆಯುವ ಯಂತ್ರ) ಸಾಕು. ಮೆಣಸಿನ ಪೈಪರಿನ್‌ಗೂ ಅಷ್ಟೇ. ಅದು 340 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಬೆಳಕಿಗೆ ರೂಪ ಬದಲಿಸುವ ಅಣುವಾದ್ದರಿಂದ ಕಂದು ಬಣ್ಣದ ಶೀಶೆ ಬಳಸಿ, ಅಷ್ಟು ಸಾಕು. ಉಪ್ಪಾಗೆಯ ಆಮ್ಲ ಬಿಸಿ ಮಾಡಿ ಗಟ್ಟಿಮಾಡುವಾಗ ಲ್ಯಾಕ್ಟೋನ್ ಆಗಿ ಮಡಚಿಕೊಳ್ಳುತ್ತದೆ. ಎರಡನ್ನೂ ಅಳೆದು ಕೂಡಿಸದಿದ್ದರೆ ಲೆಕ್ಕ ಕಡಿಮೆ ಬರುತ್ತದೆ.

ಎಚ್‌ಪಿಟಿಎಲ್‌ಸಿ ಎಂಬ ತೆಳುಪದರದ ವಿಧಾನವನ್ನು ಹಳೆಯದೆಂದು ಮೂಗು ಮುರಿಯುವವರಿದ್ದಾರೆ. ನನಗೆ ಅದರ ಮೇಲೆ ಪ್ರೀತಿ. ಒಂದೇ ಫಲಕದ ಮೇಲೆ ಹದಿನೈದು ಮಾದರಿ ಪಕ್ಕಪಕ್ಕದಲ್ಲಿ ಓಡುತ್ತವೆ, ಕಲಬೆರಕೆ ಕಣ್ಣಿಗೇ ಕಾಣುತ್ತದೆ, ಕೆಟ್ಟರೆ ಫಲಕ ಮಾತ್ರ ಕೆಡುತ್ತದೆ.

ಬೋರ್ಡೋ ಸಿಂಪಡಿಸಿದ ತೋಟದ ಅಡಿಕೆಯಲ್ಲಿ ಮೈಲುತುತ್ತದ ತಾಮ್ರ ಎಷ್ಟು ಉಳಿದಿದೆ ಎಂದು ಕೇಳಿಕೊಂಡು ಮೆಟಬೊಲೋಮಿಕ್ಸ್ ಪ್ರಯೋಗಾಲಯಕ್ಕೆ ಬಂದವರೂ ಇದ್ದಾರೆ. ಮೇಲೆ ಹೇಳಿದ ಯಾವ ಯಂತ್ರಕ್ಕೂ ತಾಮ್ರ ಕಾಣದು. ಅದು ಐಸಿಪಿ-ಎಂಎಸ್ ಅಥವಾ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರದ ಕೆಲಸ. ಅದೇ ಕಟ್ಟಡದಲ್ಲಿ ಬೇರೆ ಬಾಗಿಲು.

ಜೇನಿಗೆ ಎನ್‌ಎಂಆರ್

ಎನ್‌ಎಂಆರ್ ಮಾದರಿಯನ್ನು ಒಡೆಯುವುದಿಲ್ಲ, ಆವಿ ಮಾಡುವುದಿಲ್ಲ. ಕಾಂತಕ್ಷೇತ್ರದಲ್ಲಿ ಅಣುವಿನ ಹೈಡ್ರೋಜನ್‌ಗಳ ದನಿ ಕೇಳಿಸಿಕೊಂಡು ನಳಿಗೆಯನ್ನು ಹಾಗೆಯೇ ಹಿಂದಿರುಗಿಸುತ್ತದೆ. 600 ಮೆಗಾಹರ್ಟ್ಸ್ ಎಂದು ಬರೆದ ಯಂತ್ರದೊಳಗಿನ ಕಾಂತ 14.1 ಟೆಸ್ಲಾ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಆ ಕೋಣೆಯ ಹೊಸ್ತಿಲು ದಾಟಬಾರದು. ಕೊಡಬೇಕಾದದ್ದು 5 ಮಿಲಿಮೀಟರ್ ನಳಿಗೆಯಲ್ಲಿ ಸುಮಾರು 0.6 ಮಿಲಿಲೀಟರ್ ದ್ರಾವಣ, ಭಾರಜಲ ಬೆರೆಸಿದ್ದು, ಪಿಎಚ್ ಕಟ್ಟಿಹಾಕಿದ್ದು. ಪಿಎಚ್ ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ ಇದ್ದರೆ ಸಿಟ್ರಿಕ್‌ನಂಥ ಆಮ್ಲಗಳ ಗೆರೆಗಳು ಜಾಗ ಬದಲಿಸುತ್ತವೆ, ಹೋಲಿಕೆ ಕೈಕೊಡುತ್ತದೆ. ಇದರ ಕುರುಡು ಸೂಕ್ಷ್ಮತೆಯಲ್ಲಿದೆ: ಮೈಕ್ರೋಮೋಲಾರ್ ಮಟ್ಟಕ್ಕಿಂತ ಕೆಳಗಿನದ್ದು ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಜೇನಿನ ಕಲಬೆರಕೆಯ ಕಥೆ ಸ್ವಾರಸ್ಯವಾಗಿದೆ. ಕಬ್ಬು, ಮೆಕ್ಕೆಜೋಳ ಸಿ4 ಗುಂಪಿನ ಸಸ್ಯಗಳು. ಅವುಗಳ ಸಕ್ಕರೆಯಲ್ಲಿ ಭಾರದ ಕಾರ್ಬನ್-13ರ ಪಾಲು ಹೂವಿನ ಮಕರಂದದಲ್ಲಿರುವುದಕ್ಕಿಂತ ತುಸು ಹೆಚ್ಚು. ಐಸೋಟೋಪ್ ಅನುಪಾತ ಅಳೆಯುವ ಐಆರ್‌ಎಂಎಸ್ ಆ ವ್ಯತ್ಯಾಸ ಹಿಡಿಯುತ್ತದೆ. ಇದು ತಿಳಿದ ಕಲಬೆರಕೆದಾರರು ಅಕ್ಕಿಯ ಪಾಕಕ್ಕೆ ಹೊರಳಿದರು. ಭತ್ತ ಸಿ3 ಸಸ್ಯ, ಮಕರಂದ ಕೊಡುವ ಹೆಚ್ಚಿನ ಗಿಡಗಳಂತೆಯೇ. ಐಆರ್‌ಎಂಎಸ್ ಕುರುಡಾಯಿತು, ಎನ್‌ಎಂಆರ್ ಮುಂದೆ ಬಂತು. ಅದು ಸಣ್ಣಪುಟ್ಟ ಘಟಕಗಳ ಒಟ್ಟು ಚಿತ್ರವನ್ನು ಅಪ್ಪಟ ಜೇನಿನ ಚಿತ್ರಗಳ ಭಂಡಾರದೊಂದಿಗೆ ಹೋಲಿಸುತ್ತದೆ. ಆ ಭಂಡಾರದಲ್ಲಿ ಯಾವ ನೊಣದ, ಯಾವ ಕಾಡಿನ ಜೇನಿದೆ ಎಂದು ಕೇಳದೆ ಮಾದರಿ ಕೊಡಬೇಡಿ. ಮಲೆನಾಡಿನ ತುಡುವೆ, ಹೆಜ್ಜೇನುಗಳ ಮಾದರಿಯೇ ಅದರಲ್ಲಿ ಇಲ್ಲದಿದ್ದರೆ 'ಹೊಂದುತ್ತಿಲ್ಲ' ಎಂಬ ಫಲಿತಾಂಶಕ್ಕೆ ನಿಮ್ಮ ಜೇನು ಹೊಣೆಯಲ್ಲ. ಗುರುತಿರುವ ಹುಟ್ಟಿನಿಂದ ನೀವೇ ಇಳಿಸಿದ ಜೇನನ್ನು ಹೋಲಿಕೆಗೆಂದು ಜೊತೆಯಲ್ಲಿ ಕಳುಹಿಸಿ.

ತೋಟದಿಂದ ಶೀಶೆಗೆ

ಯಂತ್ರಗಳ ಮಾತು ಇಷ್ಟು ಸಾಕು. ಮಲೆನಾಡಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಯಂತ್ರಕ್ಕೆ ಮುನ್ನೂರು ಕಿಲೋಮೀಟರ್ ಇತ್ತಲೇ.

ಎಲೆ ಕೊಯ್ದ ಮೇಲೂ ಅದರೊಳಗಿನ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ನಿಲ್ಲಿಸಲು ದ್ರವ ಸಾರಜನಕ ಬೇಕು, ಮೈನಸ್ 196 ಡಿಗ್ರಿಯದ್ದು. ಇದು ಬೆಂಗಳೂರಿನಲ್ಲಿ ಮಾತ್ರ ಸಿಗುತ್ತದೆ ಎಂದುಕೊಂಡು ಕೈಚೆಲ್ಲುವವರಿಗೆ ಒಂದು ಮಾತು: ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಇಡುವುದು ಇದರಲ್ಲಿಯೇ. ಪಶುವೈದ್ಯರಲ್ಲಿ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಸೌಜನ್ಯದಿಂದ ಕೇಳಿ. ಕ್ಯಾನಿನ ಮುಚ್ಚಳ ಬಿಗಿಯಬಾರದು, ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ಯಬಾರದು. ಆವಿಯಾದ ಸಾರಜನಕ ಉಸಿರಾಡುವ ಗಾಳಿಯನ್ನು ಹೊರತಳ್ಳುತ್ತದೆ. ಅದೂ ಆಗದಿದ್ದರೆ ತೋಟದಲ್ಲಿಯೇ ತೂಕ ಮಾಡಿ, ಮಂಜುಗಡ್ಡೆಯ ಮೇಲಿಟ್ಟ ಶೇಕಡಾ 80ರ ಮೆಥನಾಲ್‌ಗೆ ಹಾಕಿ. ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗೂ ಒಂದು ಚೀಟಿ ಹಾಕಿ, ಏಕೆಂದರೆ ಮೆಥನಾಲ್ ಮಾರ್ಕರ್ ಶಾಯಿಯನ್ನು ಒರೆಸಿಹಾಕುತ್ತದೆ.

ಕಾಡಿನಲ್ಲಿ ಸಂಗ್ರಹಿಸುವವರು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಾದರಿ ವಿದೇಶದ ಸಹೋದ್ಯೋಗಿಗಳಿಗೆ ಹೋಗುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳು ಅನ್ವಯವಾಗುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ತರಗೆಲೆಯಲ್ಲಿ ಉಣುಗು ಹೆಚ್ಚು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ ಎಂಬುದನ್ನು ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ನೆನಪಿಸಿ. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಹಚ್ಚಿಕೊಂಡೇ ಹೋಗಿ, ಆದರೆ ಮಾದರಿ ಮುಟ್ಟುವ ಮೊದಲು ಕೈಗವಸು ಹಾಕಿ. ಇಲ್ಲದಿದ್ದರೆ ನಿಮ್ಮ ಎಲೆಯ ಮೆಟಬೊಲೋಮ್‌ನಲ್ಲಿ ಡೆಪಾ ಕಾಣಿಸಿಕೊಳ್ಳುತ್ತದೆ.

ಎಷ್ಟು ಮಾದರಿ? ಒಂದು ಗುಂಪಿಗೆ ಕನಿಷ್ಠ ಆರು ಮರ. ಒಂದೇ ಮರದ ಸಾರವನ್ನು ಮೂರು ಸಲ ಚುಚ್ಚಿದರೆ ಅದು ಮೂರು ಮಾದರಿಯಲ್ಲ. ಅದರಿಂದ ಯಂತ್ರ ಸರಿಯಿದೆ ಎಂದು ತಿಳಿಯುತ್ತದೆಯೇ ಹೊರತು ತೋಟದ ಬಗ್ಗೆ ಏನೂ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ವಿದ್ಯುತ್ ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತದೆಂದು ಆಗುಂಬೆಯ ಕಡೆಯವರಿಗೆ ಹೇಳಬೇಕಿಲ್ಲ. ಫ್ರೀಜರ್‌ನಲ್ಲಿ ಒಂದು ಲೋಟ ನೀರು ಗಡ್ಡೆಕಟ್ಟಿಸಿ ಅದರ ಮೇಲೊಂದು ನಾಣ್ಯ ಇಡಿ. ನಾಣ್ಯ ಒಳಗೆ ಇಳಿದಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮಾದರಿಯ ಮೇಲೆ ಹಣ ಖರ್ಚು ಮಾಡಬೇಡಿ. ಸಾಧ್ಯವಿದ್ದರೆ ಇಲ್ಲಿಯೇ ಫ್ರೀಜ್ ಡ್ರೈ ಮಾಡಿ, ಪುಡಿಯನ್ನು ಕಂದು ಶೀಶೆಯಲ್ಲಿ ಸಿಲಿಕಾ ಜೆಲ್ ಜೊತೆ ಒಯ್ಯುವುದೇ ನೆಮ್ಮದಿ. ಒದ್ದೆ ಮಾದರಿಗೆ ಮೈನಸ್ 78 ಡಿಗ್ರಿಯ ಡ್ರೈ ಐಸ್ ಬೇಕು, ಡಬ್ಬಿಯಲ್ಲಿ ಆವಿ ಹೊರಹೋಗಲು ಸಂದು ಬೇಕು. ಸೋಗಾನೆಯಿಂದ ವಿಮಾನದಲ್ಲಿ ಒಯ್ಯುವವರು ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಬೇಕು. ಒಬ್ಬ ಪ್ರಯಾಣಿಕನಿಗೆ ಎರಡೂವರೆ ಕಿಲೋಗಿಂತ ಹೆಚ್ಚು ಬಿಡುವುದಿಲ್ಲ.

ಗಾಜಿನ ಸಾಮಾನನ್ನು ಸೋಪಿನ ಪುಡಿಯಲ್ಲಿ ತೊಳೆಯಬೇಡಿ. ಸೋಪಿನಲ್ಲಿರುವ ಉದ್ದ ಸರಪಳಿಗಳು ಎಲ್‌ಸಿ-ಎಂಎಸ್‌ನಲ್ಲಿ 44.026ರ ಅಂತರದಲ್ಲಿ ಬೇಲಿಗೂಟದಂತೆ ಸಾಲಾಗಿ ನಿಲ್ಲುತ್ತವೆ. 391.2843ರಲ್ಲಿ ದೊಡ್ಡ ಶಿಖರ ಕಂಡರೆ ಅದು ಗಿಡದ್ದಲ್ಲ, ಬಹುಮಟ್ಟಿಗೆ ಪ್ಲಾಸ್ಟಿಕ್‌ನ ಥ್ಯಾಲೇಟ್.

ಸ್ಲಾಟ್ ಮತ್ತು ಓಟದ ಪಟ್ಟಿ

ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹೊರಗಿನವರಿಗೆ ಲಭ್ಯ ಎಂದು ಹುಡುಕಲು 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಐ-ಸ್ಟೆಮ್ ಜಾಲತಾಣವಿದೆ. ನಮಗೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ ಉಪಕರಣ ಕೇಂದ್ರ, ಬೆಂಗಳೂರಿನ ಸಿ-ಕ್ಯಾಂಪ್, ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರ ಇವೆ. ಅರ್ಜಿ ತುಂಬುವ ಮೊದಲು ಯಂತ್ರ ನಡೆಸುವವರೊಂದಿಗೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ. ಶುಲ್ಕ ಪ್ರತಿ ಮಾದರಿಗೋ ಪ್ರತಿ ಗಂಟೆಗೋ, ಕಾಲಮ್ ತೊಳೆಯುವ ಸಮಯ ಯಾರ ಲೆಕ್ಕಕ್ಕೆ, ತೆರಿಗೆ ಸೇರಿದೆಯೇ, ಡೇಟಾ ಬಿಡಿಸಿಕೊಡುವುದೂ ಸೇರಿದೆಯೇ ಎಂದು ಕೇಳಿಕೊಳ್ಳಿ. ಮೊದಲ ಸಲ ಐದು ಮಾದರಿ ಮಾತ್ರ ಕಳುಹಿಸಿ. ಐವತ್ತನ್ನು ಒಟ್ಟಿಗೆ ಕಳುಹಿಸುವ ಧೈರ್ಯ ನನಗೆ ಇಂದಿಗೂ ಇಲ್ಲ.

ಓಟದ ಪಟ್ಟಿಯನ್ನು ನೀವೇ ಬರೆದು ಕೊಡಿ. ಮೊದಲು ಬರೀ ದ್ರಾವಕ, ಆಮೇಲೆ ಮಾದರಿಯಿಲ್ಲದೆ ಎಲ್ಲ ಹಂತ ದಾಟಿಸಿದ ಖಾಲಿ ಸಾರ. ಎಲ್ಲ ಮಾದರಿಗಳಿಂದ ಹನಿಹನಿ ಸೇರಿಸಿದ ಮಿಶ್ರಣವನ್ನು ಆರಂಭದಲ್ಲಿ ನಾಲ್ಕೈದು ಸಲ, ನಂತರ ಪ್ರತಿ ಐದಾರು ಮಾದರಿಗೊಮ್ಮೆ ಚುಚ್ಚಬೇಕು. ಯಂತ್ರ ದಿನವಿಡೀ ಓಡಿ ದಣಿದಾಗ ಈ ಮಿಶ್ರಣದ ಅಂಕಿ ಇಳಿಯುವುದರಿಂದಲೇ ಅದು ಗೊತ್ತಾಗುತ್ತದೆ. ರೋಗದ ತೋಟದ್ದನ್ನೆಲ್ಲ ಬೆಳಿಗ್ಗೆ, ಆರೋಗ್ಯದ ತೋಟದ್ದನ್ನೆಲ್ಲ ಸಂಜೆ ಓಡಿಸಿದರೆ ನೀವು ಕಂಡುಹಿಡಿಯುವುದು ಬೆಳಿಗ್ಗೆಗೂ ಸಂಜೆಗೂ ಇರುವ ವ್ಯತ್ಯಾಸವನ್ನು. ಚೀಟಿ ಎತ್ತಿದ ಹಾಗೆ ಕ್ರಮ ಕಲಸಿ. ಇವೆಲ್ಲ ಸೇರಿ ಶುಲ್ಕ ಮೂರನೇ ಒಂದರಷ್ಟು ಹೆಚ್ಚಾಗಬಹುದು. ಅನುದಾನದ ಅರ್ಜಿಯಲ್ಲಿಯೇ ಬರೆದುಕೊಳ್ಳಿ.

ಡೇಟಾ ತರುವಾಗ

ದೊಡ್ಡ ಹಾರ್ಡ್ ಡಿಸ್ಕ್ ಒಯ್ಯಿರಿ. ಬಲೆ ಬೀಸುವ ವಿಧಾನದಲ್ಲಿ ಒಂದೊಂದು ಓಟದ ಕಡತವೇ ನೂರಾರು ಮೆಗಾಬೈಟ್ ತೂಗುತ್ತದೆ. ಪಿಡಿಎಫ್ ವರದಿಯೊಂದನ್ನೇ ತೆಗೆದುಕೊಂಡು ಬರಬೇಡಿ. ಯಂತ್ರದ ಮೂಲ ಕಡತ ಬೇಕು, ಅದನ್ನು ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಎಂಝಡ್‌ಎಂಎಲ್ ರೂಪಕ್ಕೆ ಬದಲಿಸಿದ ಪ್ರತಿಯೂ ಬೇಕು. ಡೇಟಾ ಬಿಡಿಸುವ ತಂತ್ರಾಂಶಗಳಾದ ಎಂಎಸ್-ಡಯಲ್, ಎಂಝಡ್‌ಮೈನ್, ಮೆಟಬೊಅನಲಿಸ್ಟ್ ಮೂರೂ ಉಚಿತವಾಗಿ ಸಿಗುತ್ತವೆ, ಮೊದಲೆರಡು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ತುಸು ಏದುಸಿರು ಬಿಡುತ್ತಲೇ ಓಡುತ್ತವೆ.

ಹೆಸರು ಬರೆಯುವಾಗ 2007ರಲ್ಲಿ ಮೆಟಬೊಲೋಮಿಕ್ಸ್ ಮಾನದಂಡಗಳ ಗುಂಪು ಗೊತ್ತುಮಾಡಿದ ನಾಲ್ಕು ಮಟ್ಟಗಳನ್ನು ಬಳಸಿ. ಶುದ್ಧ ಅರೆಕೈಡಿನ್ ತರಿಸಿ, ನಿಮ್ಮದೇ ಕಾಲಮ್‌ನಲ್ಲಿ ಓಡಿಸಿ, ಸಮಯವೂ ಚೂರುಗಳೂ ತಾಳೆಯಾದರೆ ಅದು ಮೊದಲ ಮಟ್ಟ. ಗ್ರಂಥಾಲಯ ಹೇಳಿದೆ ಎಂಬುದಷ್ಟೇ ಆದರೆ ಎರಡನೆಯದು. ಆಲ್ಕಲಾಯ್ಡ್ ಜಾತಿಯದು ಎಂಬುದು ಮಾತ್ರ ಗೊತ್ತಿದ್ದರೆ ಮೂರು. ಉಳಿದವು ನಾಲ್ಕು, ಅಂದರೆ ಹೆಸರಿಲ್ಲದ ಶಿಖರಗಳು. ಅವುಗಳೇ ಹೆಚ್ಚಿರುತ್ತವೆ, ಅದಕ್ಕೆ ನಾಚಬೇಕಾಗಿಲ್ಲ. ಉಳಿದ ಸಾರವನ್ನು ಚೆಲ್ಲಲು ಬಿಡದೆ ಮರಳಿ ಕೇಳಿ ಪಡೆಯಿರಿ. ನಿಮ್ಮ ಪ್ರಬಂಧದ ಪರಿಶೀಲಕರು ಆರು ತಿಂಗಳ ನಂತರ 'ಇದನ್ನು ಶುದ್ಧ ಮಾದರಿಯೊಂದಿಗೆ ಹೋಲಿಸಿದ್ದೀರಾ' ಎಂದು ಕೇಳುವ ಹೊತ್ತಿಗೆ ಆ ವರ್ಷದ ಕೊಯ್ಲು ಮುಗಿದು ಹೋಗಿರುತ್ತದೆ.